ಇಂಗ್ಲೆಂಡಿಗೆ ಹೊಸದಾಗಿ ಬಂದ ಕನ್ನಡಿಗರಿಗೆ: ಕೌನ್ಸಿಲ್ ತೀರ್ಮಾನದಲ್ಲಿ ನಿಮ್ಮ ಮಾತು

ವೀಸಾದ ಮೇಲೆ ಇರುವ ನಮಗೆ ಇಲ್ಲಿ ಓಟು ಎಲ್ಲಿಂದ ಬರಬೇಕು ಎಂದು ಹೊಸಬರು ಕೇಳುತ್ತಲೇ ಇರುತ್ತಾರೆ. ಓಟು ಇದೆ, ಬಂದಾಗಿನಿಂದಲೇ ಇದೆ. ಭಾರತ ಕಾಮನ್‌ವೆಲ್ತ್ ದೇಶ. ಹಾಗಾಗಿ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು, ಸರಿಯಾದ ವೀಸಾದ ಮೇಲೆ ಇಲ್ಲಿ ವಾಸವಿರುವ 18 ತುಂಬಿದ ಯಾರೇ ಆದರೂ ಕೌನ್ಸಿಲ್ (ಇಲ್ಲಿನ ಸ್ಥಳೀಯ ಆಡಳಿತ ಸಂಸ್ಥೆ) ಚುನಾವಣೆಗೂ ಪಾರ್ಲಿಮೆಂಟ್ ಚುನಾವಣೆಗೂ ಮತ ಹಾಕಬಹುದು. ಸ್ಟೂಡೆಂಟ್ ವೀಸಾ ಇರಲಿ, ಡಿಪೆಂಡೆಂಟ್ ವೀಸಾ ಇರಲಿ, ವ್ಯತ್ಯಾಸವಿಲ್ಲ. ಇದರಿಂದ ನಿಮ್ಮ ಭಾರತೀಯ ಪೌರತ್ವಕ್ಕೂ ಏನೂ ಆಗುವುದಿಲ್ಲ. ನಾನು ಬರೆಯುತ್ತಿರುವುದು ಇಂಗ್ಲೆಂಡಿನ ಬಗ್ಗೆ ಮಾತ್ರ. ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ನಿಯಮಗಳು ಬೇರೆ.

ಹೆಸರು ಸೇರಿಸುವುದು ಸರ್ಕಾರದ ವೆಬ್‌ಸೈಟಿನಲ್ಲಿ ಐದು ನಿಮಿಷದ ಕೆಲಸ. ನ್ಯಾಷನಲ್ ಇನ್ಶೂರೆನ್ಸ್ ನಂಬರ್ (ಕೆಲಸ, ತೆರಿಗೆಗೆ ಇಲ್ಲಿ ಕೊಡುವ ಗುರುತಿನ ಸಂಖ್ಯೆ) ಹತ್ತಿರ ಇಟ್ಟುಕೊಳ್ಳಿ. ಮತದಾನಕ್ಕೆ 12 ಕೆಲಸದ ದಿನಗಳ ಮೊದಲೇ ಗಡುವು ಮುಗಿಯುತ್ತದೆ. ಕೌನ್ಸಿಲ್ ಟ್ಯಾಕ್ಸ್ ಕಟ್ಟುತ್ತಿದ್ದೀವಲ್ಲ, ಹೆಸರು ತಾನಾಗೇ ಸೇರಿರುತ್ತದೆ ಎಂದುಕೊಳ್ಳಬೇಡಿ, ಅದೇ ಬೇರೆ ಇದೇ ಬೇರೆ. ಮನೆಯಲ್ಲಿ ಒಬ್ಬೊಬ್ಬರೂ ತಮ್ಮ ಹೆಸರು ತಾವೇ ಸೇರಿಸಬೇಕು, ಬಾಡಿಗೆ ಮನೆ ಬದಲಿಸಿದಾಗಲೆಲ್ಲ ಮತ್ತೆ ಸೇರಿಸಬೇಕು. 2023ರಿಂದ ಮತಗಟ್ಟೆಯಲ್ಲಿ ಫೋಟೋ ಇರುವ ಗುರುತಿನ ದಾಖಲೆ ತೋರಿಸಬೇಕು. ಅದಕ್ಕೆ ಭಾರತದ ಪಾಸ್‌ಪೋರ್ಟ್ ಸಾಕು.

ಓಟು ಮೇ ತಿಂಗಳ ಒಂದು ಗುರುವಾರದ ಕೆಲಸ. ನನಗೆ ಹೆಚ್ಚು ಹೇಳಬೇಕಿರುವುದು ಉಳಿದ ದಿನಗಳ ಬಗ್ಗೆ. ಬೆಂಗಳೂರಿನಿಂದ ಬಂದವರ ಕಷ್ಟ ನನಗೆ ಅರ್ಥವಾಗುತ್ತದೆ. ಅಲ್ಲಿ ಬಿಬಿಎಂಪಿಗೆ 2015ರಲ್ಲಿ ನಡೆದ ಚುನಾವಣೆಯೇ ಕೊನೆ. 2020ರ ಸೆಪ್ಟೆಂಬರ್‌ನಲ್ಲಿ ಅದರ ಅವಧಿ ಮುಗಿದ ಮೇಲೆ ವಾರ್ಡಿಗೆ ಕಾರ್ಪೊರೇಟರೇ ಇಲ್ಲದೆ ವರ್ಷಗಟ್ಟಲೆ ಕಳೆಯಿತು. ಹಾಗೆ ಬಂದವರಿಗೆ ಇಲ್ಲಿನ ಕೌನ್ಸಿಲರ್‌ಗೆ ಒಂದು ಇಮೇಲ್ ಹಾಕಿದರೆ ಉತ್ತರ ಬರುತ್ತದೆ ಎಂದರೆ ನಂಬಿಕೆ ಬರುವುದು ಕಷ್ಟ. ಹೆಚ್ಚಿನ ಸಲ ಬರುತ್ತದೆ. ನಿಮ್ಮ ಪೋಸ್ಟ್‌ಕೋಡ್ ಹಾಕಿದರೆ ವಾರ್ಡಿನ ಕೌನ್ಸಿಲರ್‌ಗಳ ಹೆಸರು ಕೌನ್ಸಿಲ್ ವೆಬ್‌ಸೈಟಿನಲ್ಲಿ ಸಿಗುತ್ತದೆ. ಬಹಳಷ್ಟು ಜನ ಲೈಬ್ರರಿಯಲ್ಲೋ ಚರ್ಚ್ ಹಾಲಿನಲ್ಲೋ ಕೂತು ಜನರನ್ನು ನೋಡುತ್ತಾರೆ. ಅದಕ್ಕೆ ಇಲ್ಲಿ ಸರ್ಜರಿ ಎನ್ನುತ್ತಾರೆ. ಬರೆಯುವ ಮೊದಲು ಒಂದು ವಿಷಯ ನೋಡಿಕೊಳ್ಳಿ. ಕೆಲವು ಊರುಗಳಲ್ಲಿ ಎರಡು ಹಂತದ ಕೌನ್ಸಿಲ್ ಇದೆ: ಕಸ ಎತ್ತುವುದು, ಪ್ಲಾನಿಂಗ್ (ಕಟ್ಟಡಗಳಿಗೆ ಅನುಮತಿ) ಕೆಳ ಹಂತದ ಡಿಸ್ಟ್ರಿಕ್ಟ್ ಕೌನ್ಸಿಲ್‌ನದು; ಶಾಲೆ, ರಸ್ತೆ, ವೃದ್ಧರ ಆರೈಕೆ ಮೇಲಿನ ಹಂತದ ಕೌಂಟಿ ಕೌನ್ಸಿಲ್‌ನದು. ಲಂಡನ್ನಿನಲ್ಲಿ ಇದೆಲ್ಲ ಆಯಾ ಭಾಗದ ‘ಬರೋ’ ಕೌನ್ಸಿಲ್ಲೇ ನೋಡಿಕೊಳ್ಳುತ್ತದೆ.

ಈಗ ಮುಖ್ಯ ಮಾತು. ನಮ್ಮವರು ಕೌನ್ಸಿಲ್ಲಿಗೆ ದನಿ ಎತ್ತುವುದು ತೀರ್ಮಾನ ಆದ ಮೇಲೆ. ರಸ್ತೆಗೆ ಬೊಲಾರ್ಡ್ (ವಾಹನ ತಡೆಯುವ ಗಿಡ್ಡ ಕಂಬ) ಬಿದ್ದ ಮೇಲೆ, ಬಸ್ ಸೇವೆ ನಿಂತ ಮೇಲೆ, ಪಾರ್ಕಿಂಗ್ ಪರ್ಮಿಟ್‌ನ ಬಿಲ್ ಬಂದ ಮೇಲೆ ವಾಟ್ಸಾಪ್ ಗುಂಪು ಕಾವೇರುತ್ತದೆ. ಅಷ್ಟು ಹೊತ್ತಿಗೆ ಆ ಕಡತ ತಿಂಗಳುಗಳಿಂದ ಎಲ್ಲರ ಕಣ್ಣೆದುರೇ ಓಡಾಡಿರುತ್ತದೆ. ಕ್ಯಾಬಿನೆಟ್ (ತೀರ್ಮಾನ ತೆಗೆದುಕೊಳ್ಳುವ ಕೆಲವೇ ಕೌನ್ಸಿಲರ್‌ಗಳ ತಂಡ) ಇರುವ ಕೌನ್ಸಿಲ್ ದೊಡ್ಡ ತೀರ್ಮಾನ ತೆಗೆದುಕೊಳ್ಳುವ 28 ದಿನ ಮೊದಲೇ ಅದರ ಸೂಚನೆ ಪ್ರಕಟಿಸಬೇಕು ಎಂದು ನಿಯಮವಿದೆ. ವೆಬ್‌ಸೈಟಿನಲ್ಲಿ ಸಾಮಾನ್ಯವಾಗಿ ‘ಫಾರ್ವರ್ಡ್ ಪ್ಲಾನ್’ ಎಂಬ ಹೆಸರಲ್ಲಿರುತ್ತದೆ. ಸಭೆಯ ಅಜೆಂಡಾ ಮತ್ತು ಅಧಿಕಾರಿಗಳ ವರದಿ ಐದು ಪೂರ್ಣ ಕೆಲಸದ ದಿನ ಮೊದಲು ಸಾರ್ವಜನಿಕರಿಗೆ ಸಿಗಬೇಕು. ತಿಂಗಳಿಗೊಮ್ಮೆ ಫಾರ್ವರ್ಡ್ ಪ್ಲಾನ್ ಮೇಲೆ ಕಣ್ಣಾಡಿಸುವ ಒಬ್ಬರು ಪ್ರತಿ ಕನ್ನಡ ಗುಂಪಿನಲ್ಲೂ ಇರಬೇಕು ಎಂಬುದು ನನ್ನ ಆಸೆ. ರಾಜ್ಯೋತ್ಸವಕ್ಕೆ ಹಾಲ್ ಬುಕ್ ಮಾಡಲು ಒಬ್ಬರು ಇರುತ್ತಾರೆ, ಇದಕ್ಕೂ ಒಬ್ಬರು ಇರಲಿ.

ಅಧಿಕಾರಿಗಳ ವರದಿ ಹತ್ತಾರು ಪುಟ ಇರುತ್ತದೆ, ಪೂರ್ತಿ ಓದಬೇಕಿಲ್ಲ. ಕೊನೆಯ ಕಡೆ ‘ಪರಿಶೀಲಿಸಿ ಕೈಬಿಟ್ಟ ಪರ್ಯಾಯಗಳು’ ಎಂಬ ಅರ್ಥದ ಒಂದು ಪ್ಯಾರಾ ಇರುತ್ತದೆ, ಮೊದಲು ಅಲ್ಲಿಗೆ ಹೋಗಿ. ನಮ್ಮ ಕೌನ್ಸಿಲ್ ಶನಿವಾರ ಲೈಬ್ರರಿ ಮುಚ್ಚಲು ಹೊರಟಾಗ ಆ ಪ್ಯಾರಾದಲ್ಲಿ ಇದ್ದದ್ದು ಒಂದೇ ಸಾಲು: ಬೇರೆ ದಾರಿ ಇಲ್ಲ. ಮಕ್ಕಳ ಕನ್ನಡ ತರಗತಿ ನಡೆಯುತ್ತಿದ್ದುದು ಅದೇ ಲೈಬ್ರರಿಯ ಮೇಲಿನ ಕೋಣೆಯಲ್ಲಿ, ಶನಿವಾರ ಬೆಳಿಗ್ಗೆ. ಬುಧವಾರದ ಅರ್ಧ ದಿನ ಮುಚ್ಚಿದರೆ ಎಷ್ಟು ಉಳಿಯುತ್ತದೆ, ಲೆಕ್ಕ ಹಾಕಿದ್ದೀರಾ ಎಂಬ ಒಂದೇ ಪ್ರಶ್ನೆಯನ್ನು ಲಿಖಿತವಾಗಿ ಕಳಿಸಿದೆವು. ಲೆಕ್ಕ ಹಾಕಿರಲಿಲ್ಲ. ವಿಷಯ ಮುಂದಿನ ಸಭೆಗೆ ಹೋಯಿತು, ಕೊನೆಗೆ ಶನಿವಾರದ ಬೆಳಗಿನ ಹೊತ್ತು ಉಳಿಯಿತು, ಮಧ್ಯಾಹ್ನ ಹೋಯಿತು.

ಜನರ ಅಭಿಪ್ರಾಯ ಕೇಳುವ ಪ್ರಕ್ರಿಯೆಗೆ ಇಲ್ಲಿ ಕನ್ಸಲ್ಟೇಷನ್ ಎನ್ನುತ್ತಾರೆ. ಅದು ಬರೀ ಶಾಸ್ತ್ರಕ್ಕೆ ನಡೆಯುವುದೂ ಉಂಟು, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅದರ ಬೆನ್ನಿಗೆ ಕಾನೂನಿದೆ. ಲಂಡನ್ನಿನ ಬ್ರೆಂಟ್ ಕೌನ್ಸಿಲ್ ವಿರುದ್ಧದ 1985ರ ಗನ್ನಿಂಗ್ ಪ್ರಕರಣದಿಂದ ಬಂದ ನಾಲ್ಕು ಸೂತ್ರಗಳು ಇವತ್ತಿಗೂ ನಡೆಯುತ್ತವೆ. ಪ್ರಸ್ತಾಪ ಇನ್ನೂ ರೂಪುಗೊಳ್ಳುತ್ತಿರುವಾಗಲೇ ಜನರನ್ನು ಕೇಳಬೇಕು. ಯೋಚಿಸಿ ಉತ್ತರಿಸಲು ಬೇಕಾದಷ್ಟು ಕಾರಣಗಳನ್ನು ಕೊಡಬೇಕು. ಸಾಕಷ್ಟು ಸಮಯ ಕೊಡಬೇಕು. ಬಂದ ಉತ್ತರಗಳನ್ನು ಮನಸ್ಸಿಟ್ಟು ಪರಿಗಣಿಸಬೇಕು. 2014ರಲ್ಲಿ ಹ್ಯಾರಿಂಗೇ ಕೌನ್ಸಿಲ್‌ನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಕೇಂದ್ರ ಸರ್ಕಾರ ಅನುದಾನ ಕಡಿತ ಮಾಡಿದಾಗ ಆ ಹೊರೆಯನ್ನು ಕೌನ್ಸಿಲ್ ಟ್ಯಾಕ್ಸ್ ರಿಯಾಯಿತಿ ಪಡೆಯುತ್ತಿದ್ದ ಬಡವರ ಮೇಲೆ ಹಾಕಲು ಕೌನ್ಸಿಲ್ ಹೊರಟಿತ್ತು. ಎಲ್ಲರ ತೆರಿಗೆ ಸ್ವಲ್ಪ ಏರಿಸಬಹುದು, ಮೀಸಲು ಹಣ ಬಳಸಬಹುದು ಎಂಬ ಬೇರೆ ದಾರಿಗಳನ್ನು ಜನರ ಮುಂದೆ ಇಡಲೇ ಇಲ್ಲ. ಹೀಗೆ ಕೇಳಿದ್ದು ಕಾನೂನಿಗೆ ವಿರುದ್ಧ ಎಂದಿತು ಕೋರ್ಟು. ನೀವು ಕೋರ್ಟಿಗೆ ಹೋಗಬೇಕಾಗಿಲ್ಲ. ‘ಪರ್ಯಾಯಗಳನ್ನು ತೋರಿಸಿಲ್ಲ, ಗನ್ನಿಂಗ್ ಸೂತ್ರಕ್ಕೆ ಇದು ಹೊಂದುವುದಿಲ್ಲ’ ಎಂದು ನಿಮ್ಮ ಉತ್ತರದಲ್ಲಿ ಬರೆದರೆ ಸಾಕು, ಆ ಪತ್ರ ಕೌನ್ಸಿಲ್‌ನ ವಕೀಲರ ಮೇಜಿಗೂ ಹೋಗುವ ಸಂಭವ ಹೆಚ್ಚು.

ಒಬ್ಬರು ಬರೆದದ್ದನ್ನು ನೂರು ಜನ ಫಾರ್ವರ್ಡ್ ಮಾಡಬೇಡಿ. ಅಕ್ಷರ ಅಕ್ಷರ ಒಂದೇ ಇರುವ ಇಮೇಲ್‌ಗಳನ್ನು ಓದುವವರು ಒಂದೇ ಅಭಿಪ್ರಾಯವಾಗಿ ಎಣಿಸಿಬಿಡುತ್ತಾರೆ. ಅದರ ಬದಲು ನಿಮ್ಮ ಮನೆಯ ವಿಷಯವನ್ನು ನಾಲ್ಕೇ ಸಾಲಿನಲ್ಲಿ ಬರೆಯಿರಿ: ಯಾವ ದಿನ, ಯಾವ ಹೊತ್ತು, ಯಾರಿಗೆ ತೊಂದರೆ, ಏನು ಬದಲಿಸಿದರೆ ಸರಿಹೋಗುತ್ತದೆ. ಇಂಗ್ಲಿಷ್ ಚೆನ್ನಾಗಿರಬೇಕೆಂದೇನೂ ಇಲ್ಲ. ಊರಿಂದ ಬಂದ ಅತ್ತೆ ಮಾವಂದಿರು ಪಾರ್ಕಿಗೆ ಹೋಗಿ ಬರುವಾಗ ರಸ್ತೆ ದಾಟಲು ಪಡುವ ಕಷ್ಟ ನಿಮಗಿಂತ ಚೆನ್ನಾಗಿ ಯಾವ ಅಧಿಕಾರಿಗೂ ಗೊತ್ತಿರುವುದಿಲ್ಲ.

ಪ್ಲಾನಿಂಗ್ ವಿಷಯದಲ್ಲಿ ಸಮಯ ಇನ್ನೂ ಕಡಿಮೆ. ದೀಪದ ಕಂಬಕ್ಕೆ ಪ್ಲಾಸ್ಟಿಕ್ ಹೊದಿಸಿ ಕಟ್ಟಿದ ನೋಟಿಸ್ ಕಂಡರೆ ನಿಂತು ಓದಿ. ಸಾಮಾನ್ಯವಾಗಿ 21 ದಿನ ಮಾತ್ರ ಇರುತ್ತದೆ. ಮನೆ ಬೆಲೆ ಬೀಳುತ್ತದೆ, ಕಿಟಕಿಯಿಂದ ಕಾಣುವ ನೋಟ ಹೋಗುತ್ತದೆ ಎಂಬ ಕಾರಣಗಳಿಗೆ ಇಲ್ಲಿ ಬೆಲೆ ಇಲ್ಲ. ಬೆಳಕು, ಖಾಸಗಿತನ, ವಾಹನ ದಟ್ಟಣೆ, ಗದ್ದಲ, ಮರಗಳು, ಪ್ರವಾಹದ ಅಪಾಯ, ಇವುಗಳ ಬಗ್ಗೆ ಬರೆದರೆ ತೂಕ.

ಸಭೆಗೆ ಒಮ್ಮೆಯಾದರೂ ಹೋಗಿ. ಕೆಲವೇ ಗೋಪ್ಯ ವಿಷಯ ಬಿಟ್ಟರೆ ಯಾರು ಬೇಕಾದರೂ ಕೂತು ನೋಡಬಹುದು. 2014ರಿಂದ ವಿಡಿಯೋ ಮಾಡಿಕೊಳ್ಳಲೂ ಹಕ್ಕಿದೆ. ನಮ್ಮ ಕೌನ್ಸಿಲ್‌ನಲ್ಲಿ ಪ್ಲಾನಿಂಗ್ ಸಮಿತಿ ಮುಂದೆ ಮಾತಾಡಬೇಕಾದರೆ ಮೊದಲೇ ಹೆಸರು ಕೊಡಬೇಕು, ಸಿಗುವುದು ಮೂರು ನಿಮಿಷ. ಹಸಿರು ದೀಪ ಹಳದಿಯಾಯಿತೆಂದರೆ ಅರ್ಧ ನಿಮಿಷ ಉಳಿದಿದೆ ಎಂದರ್ಥ, ಕೆಂಪಾದರೆ ಅಧ್ಯಕ್ಷರು ನಿಲ್ಲಿಸುತ್ತಾರೆ. ನಮಸ್ಕಾರ, ಪರಿಚಯಗಳಲ್ಲೇ ಒಂದು ನಿಮಿಷ ಕಳೆಯುವುದು ನಮ್ಮವರ ರೂಢಿ. ಕೇಳಬೇಕಾದ್ದನ್ನು ಮೊದಲ ವಾಕ್ಯದಲ್ಲೇ ಕೇಳಿ.

ಈ ವ್ಯವಸ್ಥೆ ಸರಿಯಾಗಿದೆ ಎಂದು ನಾನು ಹೇಳುತ್ತಿಲ್ಲ. ಕೆಲವು ಸಮಿತಿಗಳು ಹಗಲು ಹೊತ್ತಿನಲ್ಲಿ ಸೇರುತ್ತವೆ. ಪಾಳಿಯಲ್ಲಿ ದುಡಿಯುವ ನರ್ಸ್‌ಗೆ, ಕೇರ್ ಹೋಮ್‌ನಲ್ಲಿ ಕೆಲಸ ಮಾಡುವವರಿಗೆ ಬರುವುದೆಲ್ಲಿ ಸಾಧ್ಯ? ಕೋವಿಡ್ ಕಾಲದಲ್ಲಿ ಕೌನ್ಸಿಲರ್‌ಗಳು ಆನ್‌ಲೈನ್‌ನಲ್ಲೇ ಸಭೆ ನಡೆಸಲು ಅವಕಾಶವಿತ್ತು, 2021ರ ಮೇ ತಿಂಗಳಲ್ಲಿ ಆ ತಾತ್ಕಾಲಿಕ ಕಾನೂನು ಮುಗಿಯಿತು. ಸಂಜೆ ಸಭೆ ಇಡಿ, ವರದಿಯ ಜೊತೆ ಒಂದು ಪುಟದ ಸರಳ ಸಾರಾಂಶ ಕೊಡಿ, ಬಂದ ಅಭಿಪ್ರಾಯಗಳಿಂದ ಏನು ಬದಲಾಯಿತು ಎಂದು ಪ್ರಕಟಿಸಿ. ಈ ಮೂರನ್ನೂ ಪ್ರತಿ ಚುನಾವಣೆಯಲ್ಲಿ ಬಾಗಿಲು ತಟ್ಟುವ ಅಭ್ಯರ್ಥಿಗಳ ಮುಂದೆ ಇಡಿ, ಪಕ್ಷ ಯಾವುದಾದರೂ ಸರಿ.

ಖಾಯಂ ವಾಸದ ಪರವಾನಗಿ, ಅಂದರೆ ಐಎಲ್‌ಆರ್ ಸಿಕ್ಕ ಮೇಲೆ, ಉಳಿದ ಅರ್ಹತೆಗಳಿದ್ದರೆ, ಭಾರತದ ಪಾಸ್‌ಪೋರ್ಟ್ ಇದ್ದರೂ ಕೌನ್ಸಿಲ್ ಚುನಾವಣೆಗೆ ನೀವೇ ನಿಲ್ಲಬಹುದು. ಕಲಬುರಗಿ ಮೂಲದ ಡಾ. ನೀರಜ್ ಪಾಟೀಲ್ ಲಂಡನ್ನಿನ ಲ್ಯಾಂಬೆತ್ ಕೌನ್ಸಿಲ್ಲಿಗೆ ಆಯ್ಕೆಯಾಗಿ 2010ರಲ್ಲಿ ಅಲ್ಲಿನ ಮೇಯರ್ ಆದರು. ನೀವೆಲ್ಲ ಫೋಟೋ ತೆಗೆಸಿಕೊಳ್ಳುವ ಥೇಮ್ಸ್ ದಡದ ಬಸವಣ್ಣನ ಪುತ್ಥಳಿ 2015ರ ನವೆಂಬರ್‌ನಲ್ಲಿ ಅನಾವರಣಗೊಂಡಿದ್ದು ಅವರ ಪ್ರಯತ್ನದಿಂದ. ಅಷ್ಟು ದೊಡ್ಡದಕ್ಕೆ ಈಗಲೇ ಮನಸ್ಸಿಲ್ಲದಿದ್ದರೆ ಪ್ಯಾರಿಷ್ ಕೌನ್ಸಿಲ್ (ಹಳ್ಳಿ, ಸಣ್ಣ ಊರಿನ ಮಟ್ಟದ ಕೌನ್ಸಿಲ್) ನೋಡಿ. ಎಷ್ಟೋ ಕಡೆ ನಿಲ್ಲುವವರೇ ಇಲ್ಲದೆ ಸ್ಥಾನಗಳು ಖಾಲಿ ಬಿದ್ದಿರುತ್ತವೆ, ಇರುವ ಸದಸ್ಯರೇ ಆಸಕ್ತರನ್ನು ಸೇರಿಸಿಕೊಳ್ಳುತ್ತಾರೆ. ಇನ್ನೂ ಸಣ್ಣದಾಗಿ ಶುರು ಮಾಡಬೇಕೆಂದರೆ, ಸೊಪ್ಪು ತರಕಾರಿ ಬೆಳೆಯಲು ಅಲಾಟ್‌ಮೆಂಟ್ (ಬಾಡಿಗೆಗೆ ಸಿಗುವ ಸಣ್ಣ ತುಂಡು ನೆಲ) ಬೇಕೆಂದು ಮತಪಟ್ಟಿಯಲ್ಲಿರುವ ಆರು ಜನ ಒಟ್ಟಾಗಿ ಅರ್ಜಿ ಕೊಡಿ. 1908ರ ಕಾಯಿದೆಯ ಪ್ರಕಾರ, ಒಳ ಲಂಡನ್ ಬಿಟ್ಟು ಬೇರೆ ಕಡೆ, ಆ ಆರು ಸಹಿಗಳನ್ನು ಕೌನ್ಸಿಲ್ ಪರಿಗಣಿಸಲೇಬೇಕು. ಮೆಂತ್ಯ, ದಂಟು ಎರಡೂ ಇಲ್ಲಿನ ಬೇಸಿಗೆಗೆ ಬರುತ್ತವೆ.