ಈಜುಕೊಳ ಕಟ್ಟುವ ಮುನ್ನ ನಾನು ಹಾಕಿದ ಲೆಕ್ಕ

ಹಿತ್ತಲಿನ ಈಜುಕೊಳವನ್ನು ಪೂರ್ತಿ ಗುತ್ತಿಗೆಗೆ ಕೊಡದೆ ನಾನೇ ಮುಂದೆ ನಿಂತು ಕಟ್ಟಿಸಿದರೆ ಉಳಿಯುವುದು ಗುತ್ತಿಗೆದಾರರ ಲಾಭಾಂಶ ಮತ್ತು ನನ್ನ ಕೈಲಾಗುವಷ್ಟು ಕೆಲಸದ ಕೂಲಿ ಮಾತ್ರ. ಸಿಮೆಂಟು, ಕಬ್ಬಿಣ, ಪಂಪು, ಅಗೆಯುವ ಯಂತ್ರದ ಬಾಡಿಗೆ ಇವೆಲ್ಲ ಯಾರು ಕಟ್ಟಿದರೂ ತಪ್ಪದ ಖರ್ಚು. ಆದ್ದರಿಂದ ಯಾವ ಕೆಲಸ ನನ್ನದು, ಯಾವುದು ಅನುಭವಿಗಳದು ಎಂಬುದನ್ನು ಮೊದಲೇ ಗೆರೆ ಎಳೆದು ವಿಂಗಡಿಸಿಕೊಂಡೆ.

ಅಳತೆಗಳಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಆಳ. ಉದ್ದ 8 ಮೀಟರ್, ಅಗಲ 4 ಮೀಟರ್, ಸರಾಸರಿ ಆಳ 1.3 ಮೀಟರ್ ಎಂದಾದರೆ ಕೊಳ ಹಿಡಿಯುವ ನೀರು 41,600 ಲೀಟರ್. ಆದರೆ ಗುಂಡಿಯ ಗಾತ್ರ ಇದಕ್ಕಿಂತ ಬಹಳ ದೊಡ್ಡದು. ಗೋಡೆಯ ದಪ್ಪಕ್ಕೆ 20 ಸೆಂಟಿಮೀಟರ್, ಸೆಂಟ್ರಿಂಗ್ ಕಟ್ಟಿ ಓಡಾಡಲು 60 ಸೆಂಟಿಮೀಟರ್ ಎಂದು ನಾಲ್ಕೂ ಕಡೆ ಬಿಟ್ಟು, ತಳದ ಕಾಂಕ್ರೀಟು ಮತ್ತು ಮೇಲಿನ ಅಂಚು ಸೇರಿಸಿ 1.75 ಮೀಟರ್ ಇಳಿಸಿದರೆ ಅಗೆಯಬೇಕಾದ್ದು ಸುಮಾರು 94 ಘನಮೀಟರ್. ಅಗೆದ ಮಣ್ಣು ಸಡಿಲಗೊಂಡು ಕಾಲು ಭಾಗದಷ್ಟು ಉಬ್ಬಿದರೂ ಲಾರಿಗೆ ತುಂಬುವ ಹೊತ್ತಿಗೆ ಅದು 117 ಘನಮೀಟರ್ ದಾಟುತ್ತದೆ. ಗೋಡೆಯ ಹಿಂಬದಿಗೆ ಮರಳಿ ತುಂಬುವ ಮಣ್ಣನ್ನು ರಾಶಿ ಹಾಕಲು ಪಕ್ಕದಲ್ಲಿ ಜಾಗವಿಲ್ಲದಿದ್ದರೆ, ಸಾಗಿಸುವುದಕ್ಕೊಮ್ಮೆ, ಮತ್ತೆ ತರಿಸುವುದಕ್ಕೊಮ್ಮೆ ಹಣ ತೆರಬೇಕು. ಧುಮುಕುವಷ್ಟು ಆಳದ ಆಸೆಯನ್ನು ನಾನು ಕೈಬಿಟ್ಟದ್ದು ಈ ಲೆಕ್ಕ ನೋಡಿಯೇ.

ಅಗೆಯುವ ಮುನ್ನ ಮಳೆಗಾಲ ಮುಗಿಯುತ್ತಿದ್ದಂತೆ ಪರೀಕ್ಷೆಗೊಂದು ಕಿರುಗುಂಡಿ ತೋಡಿಸಿ ಅಂತರ್ಜಲದ ಮಟ್ಟ ನೋಡಿಕೊಂಡೆ. ಸುತ್ತಲಿನ ನೀರು ತಳಕ್ಕಿಂತ ಮೇಲಿದ್ದರೆ, ಕೊಳವನ್ನು ಖಾಲಿ ಮಾಡಿದಾಗ ಅದು ದೋಣಿಯಂತೆ ಮೇಲೇಳಬಲ್ಲದು. ಅಂಥ ನೆಲದಲ್ಲಿ ತಳದಡಿಯ ಜಲ್ಲಿಪದರ, ನೀರು ಹೊರಹಾಕುವ ವ್ಯವಸ್ಥೆ, ಒತ್ತಡ ಇಳಿಸುವ ವಾಲ್ವ್ ಎಲ್ಲವೂ ವೆಚ್ಚಕ್ಕೆ ಸೇರುತ್ತವೆ.

ಒಮ್ಮೆ ಮುಚ್ಚಿದ ಮೇಲೆ ಒಡೆಯದೆ ಸರಿಪಡಿಸಲಾಗದ ಕೆಲಸಗಳಲ್ಲಿ ಉಳಿತಾಯಕ್ಕೆ ಹೋಗಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಕಂಬಿ ಕಟ್ಟುವುದು, ಕಾಂಕ್ರೀಟು ಹಾಕುವುದು, ವಿದ್ಯುತ್ ಮತ್ತು ಅರ್ಥಿಂಗ್ ಕೆಲಸಗಳನ್ನು ಪಳಗಿದವರಿಗೇ ವಹಿಸಿದೆ. ಕಾಂಕ್ರೀಟಿಗೆ ನೀರುಣಿಸುವುದು, ಸುತ್ತಲಿನ ಕಲ್ಲುಹಾಸು, ಪಂಪಿನ ಕೋಣೆ ನನ್ನ ಪಾಲಿಗೆ ಬಂದವು. ಪೈಪುಗಳನ್ನು ನಾನೇ ಜೋಡಿಸಿದೆನಾದರೂ, ತುದಿಗಳನ್ನು ಮುಚ್ಚಿ, ಒತ್ತಡದಲ್ಲಿ ನೀರು ತುಂಬಿ, ಗೇಜಿನ ಮುಳ್ಳು ರಾತ್ರಿಯಿಡೀ ಕದಲಲಿಲ್ಲವೆಂದು ಖಾತ್ರಿಯಾದ ಮೇಲಷ್ಟೇ ಮಣ್ಣು ಮುಚ್ಚಲು ಬಿಟ್ಟೆ.

ಕಟ್ಟುವ ವೆಚ್ಚದ ಪಕ್ಕದಲ್ಲೇ ಪ್ರತಿವರ್ಷದ ವೆಚ್ಚವನ್ನೂ ಬರೆದಾಗ ಆಯ್ಕೆಗಳು ಬದಲಾದವು. ದಿನಕ್ಕೆ 5 ಮಿಲಿಮೀಟರ್ ಆವಿಯಾದರೂ 32 ಚದರ ಮೀಟರ್ ಹರವಿನಿಂದ 160 ಲೀಟರ್ ನೀರು ಹೋಗುತ್ತದೆ. ಹೊದಿಕೆ ಹಾಕಿದರೆ ಇದರಲ್ಲಿ ಬಹುಪಾಲು ಉಳಿಯುತ್ತದೆ. ಪಂಪಿನ ವೇಗವನ್ನು ಅರ್ಧಕ್ಕಿಳಿಸಿದರೆ ಅದು ಎಳೆಯುವ ವಿದ್ಯುತ್ ಸೈದ್ಧಾಂತಿಕವಾಗಿ ಎಂಟನೇ ಒಂದಕ್ಕೆ ಇಳಿಯುವುದರಿಂದ, ಎರಡು ಪಟ್ಟು ಹೊತ್ತು ಓಡಿಸಿದರೂ ಬಿಲ್ಲು ಕಡಿಮೆಯೇ. ಹಾಗಾಗಿ ನೀರೊಳಗಿನ ದೀಪಗಳನ್ನೂ ಬಿಸಿನೀರಿನ ಯಂತ್ರವನ್ನೂ ಪಟ್ಟಿಯಿಂದ ತೆಗೆದು, ಆ ಹಣವನ್ನು ವೇಗ ಬದಲಿಸಬಹುದಾದ ಪಂಪಿಗೂ ಗಟ್ಟಿ ಹೊದಿಕೆಗೂ ಹಾಕಿದೆ. ಮಕ್ಕಳು ತಾವಾಗಿಯೇ ಒಳನುಗ್ಗದಂತೆ ಸುತ್ತಲೂ ಬೇಲಿ, ತಾನಾಗಿ ಮುಚ್ಚಿಕೊಳ್ಳುವ ಗೇಟು ಇವುಗಳಲ್ಲಿ ಮಾತ್ರ ಚೌಕಾಸಿಯ ಪ್ರಶ್ನೆಯೇ ಇರಲಿಲ್ಲ. ಒಳಗಿನ ಗಿಲಾವು ಹತ್ತು ಹದಿನೈದು ವರ್ಷಗಳಲ್ಲಿ ಹೊಸದಾಗಬೇಕಾಗುತ್ತದೆ. ಅದರ ಅಂದಾಜನ್ನು ವರ್ಷಗಳಿಗೆ ಹಂಚಿ, ಕ್ಲೋರಿನ್ ಮತ್ತು ವಿದ್ಯುತ್ ಖರ್ಚಿನ ಜೊತೆಗೇ ಈಗಿನಿಂದಲೇ ತೆಗೆದಿಡುತ್ತಿದ್ದೇನೆ.