ಭಾಷಣ ಬಿಟ್ಟು ಅಣ್ಣ-ಅಕ್ಕಂದಿರನ್ನು ಕೂರಿಸಿದೆವು

ಹೈಸ್ಕೂಲ್ ಮಕ್ಕಳ ಹತ್ತಿರ ಲೈಂಗಿಕ ಆರೋಗ್ಯ ಮಾತಾಡ್ತೀವಿ ಅಂದಾಗ, ‘ಹೆತ್ತವರು ಗೇಟಿಗೆ ಬರ್ತಾರೆ ನೋಡಿ’ ಅಂದವರೇ ಹೆಚ್ಚು. ಬೆಂಗಳೂರಿನ ಲಗ್ಗೆರೆ, ಸುಂಕದಕಟ್ಟೆ ಕಡೆಯ ಎರಡು ಶಾಲೆಗಳಲ್ಲಿ ಮೂರು ವರ್ಷದಿಂದ ಇದು ನಡೀತಿದೆ. ತಾಯಂದಿರು ಬಂದದ್ದು ನಿಜ, ಚಿಕ್ಕ ಮಗಳನ್ನೂ ಗುಂಪಿಗೆ ಸೇರಿಸಿಕೊಳ್ಳಿ ಅಂತ ಕೇಳೋಕೆ.

ಮೊದಲು ಎಲ್ಲರ ಹಾಗೆ ಡಾಕ್ಟರನ್ನು ಕರೆಸಿದ್ದೆವು. ಬ್ಯಾನರು, ಪ್ರೊಜೆಕ್ಟರು, ಕಾರಿನ ಬಾಡಿಗೆ ಸೇರಿ ಎಂಟು ಸಾವಿರದ ಹತ್ತಿರ ಹೋಯಿತು. ಇನ್ನೂರು ಮಕ್ಕಳಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಪ್ರಶ್ನೆ ಪೆಟ್ಟಿಗೆ ಇಟ್ಟರೆ ಚಾಕೊಲೇಟ್ ಕಾಗದ ಬಿತ್ತು. ಯಾವ ಕೈಬರಹ ಯಾರದೆಂದು ಕ್ಲಾಸಿಗೆಲ್ಲ ಗೊತ್ತಲ್ಲ! ವಾಟ್ಸಾಪ್ ನಂಬರ್ ಕೊಟ್ಟೆವು, ಮನೆಯಲ್ಲಿರೋ ಒಂದೇ ಫೋನು ಅಪ್ಪನ ಜೇಬಲ್ಲಿ.

ಕೈಹಿಡಿದದ್ದು ಇದು: ಹತ್ತು-ಹನ್ನೆರಡು ಮಕ್ಕಳಿಗೆ ಒಬ್ಬ ಅಣ್ಣ ಅಥವಾ ಅಕ್ಕ, ವಾರಕ್ಕೊಂದು ಪಿರಿಯಡ್, ವರ್ಷವೆಲ್ಲ ಅದೇ ಮುಖ. ಬಹುತೇಕ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುವವರು. ಮೇಷ್ಟ್ರು ಬೇಡವೇ ಬೇಡ. ಮಾರ್ಕ್ಸ್ ಕೊಡುವವರ ಮುಂದೆ ಮಕ್ಕಳು ಇದನ್ನೆಲ್ಲ ಹೇಳಲ್ಲ. ಮೊದಲ ತಿಂಗಳು ಮೈಯ ವಿಷಯ ಎತ್ತುವುದೇ ಇಲ್ಲ, ಬರೀ ಬಸ್ಸು, ಮನೆ ಜಗಳ, ಗಣಿತದ ಭಯ. ಆಮೇಲೆ ಯಾವ ಪ್ರಶ್ನೆಯಿಂದ ಶುರು ಮಾಡ್ತೀವಿ ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ. ಎದುರು ಕೂತವರಿಗೆ ಹೇಳಿಕೊಡ್ತೀನಿ.

ಹುಡುಗರ ದೊಡ್ಡ ಭಯ ಸ್ವಪ್ನಸ್ಖಲನ, ಅಂದರೆ ನಿದ್ದೆಯಲ್ಲಿ ವೀರ್ಯ ಹೋಗುವುದು. ಗೋಡೆ ಮೇಲಿನ ‘ಶಕ್ತಿಹೀನತೆ’ ಜಾಹೀರಾತು ಓದಿ, ತಮಗೇನೋ ರೋಗ ಅಂದುಕೊಂಡು ಒಳಗೊಳಗೇ ಬೆಂದವರಿದ್ದರು. ಅದು ಸಹಜ, ಶಕ್ತಿ ಹೋಗಲ್ಲ ಅಂತ ಅಣ್ಣ ಹೇಳಿದ ದಿನ ಗುಂಪೇ ಹಗುರಾಯಿತು. ಮುಟ್ಟು ಶುರುವಾದ ಮೊದಲ ಎರಡು-ಮೂರು ವರ್ಷ 21ರಿಂದ 45 ದಿನದೊಳಗೆ ಯಾವಾಗ ಬಂದರೂ ಸಾಮಾನ್ಯ ಅನ್ನುವ ಮಾತು ಹುಡುಗಿಯರಿಗೆ ಅಷ್ಟೇ ಧೈರ್ಯ ಕೊಟ್ಟಿತು.

ಗುಟ್ಟಿಗೆ ಮಿತಿ ಉಂಟು ಅಂತ ಮೊದಲ ದಿನವೇ ಹೇಳ್ತೀವಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಪ್ರಕಾರ 18ರ ಒಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098 ಎಲ್ಲ ಮಕ್ಕಳಿಗೂ ಬಾಯಿಪಾಠ. ಹೀಗಂದರೆ ಮಕ್ಕಳು ಬಾಯಿ ಮುಚ್ಚುತ್ತಾರೆ ಅಂತ ಹೆದರಿಸಿದ್ದರು. ನಂಬಿಕೆ ಬಂದದ್ದೇ ಈ ನೇರ ಮಾತಿನಿಂದ.

ದುಡ್ಡು: ಎಂಟು ಜನ, ತಲಾ ವಾರಕ್ಕೆ ನಾನೂರು, ಸುಮಾರು ಮೂವತ್ತು ವಾರ. ಶಾಲೆಗೆ ಲಕ್ಷದ ಹತ್ತಿರ. ಒಂದು ಕಂಪನಿ ಅರ್ಧ ಕೊಡ್ತೀವಿ ಅಂತ ಬಂತು, ಮಕ್ಕಳ ಫೋಟೊ ಕೇಳಿತು. ಕೊಡಲಿಲ್ಲ, ದುಡ್ಡೂ ಬರಲಿಲ್ಲ. ಹಳೆಯ ವಿದ್ಯಾರ್ಥಿಗಳು ಐನೂರು, ಸಾವಿರ ಅಂತ ತುಂಬಿದರು.

ನಡುವೆ ತಾಯಂದಿರ ಸಭೆಯನ್ನೂ ಮಾಡಿ ನೋಡಿದೆವು. ಶನಿವಾರ ಕರೆದರೆ ಯಾರೂ ಇಲ್ಲ, ಗಾರ್ಮೆಂಟ್ಸಿಗೆ ರಜೆ ಭಾನುವಾರ. ಭಾನುವಾರ ಉಪ್ಪಿಟ್ಟಿನ ಜೊತೆ ಕರೆದಾಗ ಮೂವತ್ತಕ್ಕೂ ಹೆಚ್ಚು ಜನ. ಮಕ್ಕಳ ಮಾತು ಹತ್ತು ನಿಮಿಷಕ್ಕೆ ಮುಗಿದು, ಬಿಳಿ ಸೆರಗಿನ (ಬಿಳಿ ಸ್ರಾವದ) ಬಗ್ಗೆ ತಮ್ಮದೇ ಪ್ರಶ್ನೆ ಶುರು ಮಾಡಿದರು. ಈಗ ಅವರಿಗೂ ತಿಂಗಳಿಗೊಂದು ಭಾನುವಾರ ಇಟ್ಟಿದ್ದೇವೆ.

ಜೂನಿನಲ್ಲಿ ಮೂರನೇ ಶಾಲೆ ಶುರು. ಅಕ್ಕಂದಿರು ಸಿಕ್ಕಿದ್ದಾರೆ, ಹುಡುಗರಿಗೆ ಇನ್ನೂ ನಾಲ್ಕು ಜನ ಅಣ್ಣಂದಿರು ಬೇಕು.