ಹಾವು ಏನು ಮಾಡುತ್ತಿದೆ? ನಾಗಪ್ಪನಿರುವ ನಾಣ್ಯ ಕೂಡಿಸುವುದು ಹೀಗೆ

ನಮ್ಮ ಬಾಗಲಕೋಟೆ ಕಡೆ ಪಂಚಮಿ ಅಂದರೆ ಉಂಡಿ, ಜೋಕಾಲಿ, ನಾಗಪ್ಪನಿಗೆ ಹಾಲು. ನನಗೆ ಇನ್ನೊಂದು ಕೆಲಸವೂ ಇದೆ. ಊಟ ಮುಗಿಸಿ ನಾಣ್ಯದ ಆಲ್ಬಂ ಬಿಚ್ಚಿ ಕೂರುತ್ತೇನೆ. ಅದರಲ್ಲಿ ಇರುವುದೆಲ್ಲ ಹಾವಿನ ನಾಣ್ಯಗಳೇ.

ಮೊದಲ ಪುಟದಲ್ಲಿ ಹಳೆಯ ರೋಮ್‌ನ ದಿನಾರಿಯಸ್ ಎಂಬ ಬೆಳ್ಳಿ ನಾಣ್ಯ ಇದೆ. ಅಗಲ ಸುಮಾರು 18 ಮಿಲಿಮೀಟರ್, ನಮ್ಮ ಒಂದು ರೂಪಾಯಿಗಿಂತ ಚಿಕ್ಕದು. ಆರೋಗ್ಯದ ದೇವತೆ ಸಾಲುಸ್ ಕೂತಿದ್ದಾಳೆ. ಎದುರಿಗೆ ಪೂಜೆಯ ಕಟ್ಟೆ, ಅದಕ್ಕೆ ಸುತ್ತಿಕೊಂಡ ಹಾವು. ಅದು ಕತ್ತು ಎತ್ತಿ ಅವಳ ಕೈಯ ತಟ್ಟೆಯಿಂದ ಉಣ್ಣುತ್ತಿದೆ. ಎಲ್ಲಿಯ ರೋಮ್, ಎಲ್ಲಿಯ ನಮ್ಮ ಹುತ್ತ! ಹಾವಿಗೆ ಉಣಿಸುವ ಕೈ ಮಾತ್ರ ಒಂದೇ ಥರ.

ಈ ನಾಣ್ಯ ನನಗೆ ಒಂದು ದಾರಿ ತೋರಿಸಿತು. ಹಾವು ಕಂಡಿದ್ದನ್ನೆಲ್ಲ ಕೊಳ್ಳಬೇಡಿ. ಹಾವು ಅಲ್ಲಿ ಏನು ಮಾಡುತ್ತಿದೆ ಎಂದು ಕೇಳಿ, ಅದರ ಪ್ರಕಾರ ಕೂಡಿಸಿ. ಉಣ್ಣುತ್ತಿದೆಯೇ, ಕೋಲಿಗೆ ಸುತ್ತಿಕೊಂಡಿದೆಯೇ, ಹದ್ದಿನ ಬಾಯಲ್ಲಿದೆಯೇ? ಆಗ ಹತ್ತೇ ನಾಣ್ಯವಿದ್ದರೂ ಅದೊಂದು ಸಂಗ್ರಹ.

ಮೊದಲ ಹೆಜ್ಜೆ: ಕಣ್ಣು ಪಳಗಿಸಿ

ದುಡ್ಡು ಬಿಚ್ಚುವ ಮೊದಲು ಒಂದು ಟಾರ್ಚ್ ಹಿಡಿದು ಬಾದಾಮಿಗೆ ಹೋಗಿ. ಒಂದನೇ ಗುಹೆಯ ಚಾವಣಿಯಲ್ಲಿ ನಾಗರಾಜ ಇದ್ದಾನೆ. ಮೂರನೇ ಗುಹೆಯಲ್ಲಿ ಆದಿಶೇಷನ ಮೇಲೆ ಕೂತ ವಿಷ್ಣು. ಆ ಗುಹೆ 578ರದ್ದು. ಸುರುಳಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ, ಹೆಡೆ ಹೇಗೆ ಬಾಗಿದೆ, ಬೆರಳಲ್ಲಿ ಗಾಳಿಯಲ್ಲೇ ಬರೆದು ನೋಡಿ. ಇದೇ ಕೆಲಸವನ್ನು ಅಚ್ಚು ಕೊರೆಯುವವನು ಉಗುರಿನಷ್ಟು ಜಾಗದಲ್ಲಿ ಮಾಡಬೇಕಿತ್ತು. ಸವೆದ ನಾಣ್ಯದಲ್ಲಿ ಹಾವು ಗುರುತಿಸಲು ಈ ಅಭ್ಯಾಸ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಎರಡನೆಯದು: ಹೊಸದರಿಂದ ಶುರು ಮಾಡಿ

ಸುಲಭವಾಗಿ ಸಿಗುವುದು ಮೆಕ್ಸಿಕೋದ ಪೆಸೊ. ಅದರ ಒಂದು ಮಗ್ಗುಲಲ್ಲಿ ಪಾಪಾಸುಕಳ್ಳಿಯ ಮೇಲೆ ನಿಂತ ಹದ್ದು, ಅದರ ಕೊಕ್ಕಿನಲ್ಲಿ ಹಾವು. ಅದು ಆ ದೇಶದ ಲಾಂಛನ. ಆಮೇಲೆ ಚೀನೀ ಪಂಚಾಂಗದ ಹಾವಿನ ವರ್ಷದ ನಾಣ್ಯಗಳು. ಹನ್ನೆರಡು ವರ್ಷಕ್ಕೊಮ್ಮೆ ಬರುತ್ತವೆ: 1989, 2001, 2013, 2025. ಆಸ್ಟ್ರೇಲಿಯಾದ ಪರ್ತ್ ಟಂಕಸಾಲೆ ಕೊನೆಯ ಮೂರೂ ಸಲ ಬೆಳ್ಳಿಯಲ್ಲಿ ಹಾವಿನ ನಾಣ್ಯ ಹೊರತಂದಿದೆ.

ಕೈ ಕುದುರಿದ ಮೇಲೆ ಹಳೆಯದಕ್ಕೆ ಬನ್ನಿ. ಸಾಲುಸ್ ಇರುವ ನಾಣ್ಯಗಳನ್ನು ರೋಮ್‌ನ ಹಲವು ದೊರೆಗಳು ಹೊಡೆಸಿದ್ದಾರೆ. ಹಾಗಾಗಿ ಸಿಗುವುದು ಕಷ್ಟವಲ್ಲ. ನನ್ನ ಆಸೆ ಇನ್ನೂ ಇರುವುದು ಸಿಸ್ಟೊಫೋರಸ್ ಮೇಲೆ. ಈಗಿನ ಟರ್ಕಿಯಲ್ಲಿರುವ ಪರ್ಗಮಮ್‌ನಲ್ಲಿ ಕ್ರಿಸ್ತಪೂರ್ವ 2ನೇ ಶತಮಾನದಲ್ಲಿ ಶುರುವಾದ ಬೆಳ್ಳಿ ನಾಣ್ಯ ಅದು. ತೂಕ ಸುಮಾರು 12.6 ಗ್ರಾಂ. ಒಂದು ಕಡೆ ಬುಟ್ಟಿಯ ಮುಚ್ಚಳ ಸರಿಸಿ ಹಾವು ಹೊರಬರುತ್ತಿದೆ, ಥೇಟ್ ಹಾವಾಡಿಗರ ಬುಟ್ಟಿ. ಇನ್ನೊಂದು ಕಡೆ ಬಿಲ್ಲಿನ ಚೀಲದ ಎರಡೂ ಪಕ್ಕ ಎರಡು ಹಾವು.

ನಮ್ಮ ದೇಶದ್ದು ಬೇಡವೇ ಅಂದರೆ, ಇಲ್ಲೊಂದು ಎಚ್ಚರಿಕೆ. ಗ್ವಾಲಿಯರ್ ಹತ್ತಿರದ ಪದ್ಮಾವತಿಯ ನಾಗ ದೊರೆಗಳ ಪುಟ್ಟ ತಾಮ್ರದ ನಾಣ್ಯಗಳನ್ನು ಹೆಸರು ನೋಡಿ ಕೊಳ್ಳುವವರಿದ್ದಾರೆ. ಅವುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಗೂಳಿ, ತ್ರಿಶೂಲ, ನವಿಲು. ನಾಗ ಇರುವುದು ಹೆಸರಿನಲ್ಲಿ.

ಮೂರನೆಯದು: ತೂಗಿ ನೋಡಿ

10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ, ಒಂದು ಅಯಸ್ಕಾಂತ ಸಾಕು. ಬೆಳ್ಳಿ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಚಿನಲ್ಲಿ ಸುತ್ತಲೂ ಬೆಸುಗೆಯಂಥ ಗೆರೆ, ಮೈಮೇಲೆ ಗುಳ್ಳೆಯ ಗುಳಿಗಳು ಕಂಡರೆ ಅದು ಎರಕ ಹೊಯ್ದ ನಕಲು ಇರಬಹುದು.

ಹೊಸ ಬೆಳ್ಳಿಗೆ ಇನ್ನೊಂದು ಪರೀಕ್ಷೆ ಇದೆ. ಒಂದು ಔನ್ಸ್ ನಾಣ್ಯ 31.1 ಗ್ರಾಂ ತೂಗುತ್ತದೆ. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ನಾಣ್ಯವನ್ನು ದಾರಕ್ಕೆ ಕಟ್ಟಿ ಪೂರ್ತಿ ಮುಳುಗಿಸಿ, ತಳಕ್ಕೆ ತಾಗಬಾರದು. ಈಗ ತಕ್ಕಡಿ ಸುಮಾರು 2.96 ತೋರಿಸಬೇಕು. 31.1ನ್ನು ಅದರಿಂದ ಭಾಗಿಸಿದರೆ 10.5, ಅದೇ ಬೆಳ್ಳಿಯ ಸಾಂದ್ರತೆ. ರೋಮ್‌ನ ಹಳೆಯ ಬೆಳ್ಳಿಗೆ ಈ ಲೆಕ್ಕ ಹಚ್ಚಬೇಡಿ, ಅದರಲ್ಲಿ ತಾಮ್ರ ಬೆರೆತಿರುತ್ತದೆ.

ಜಾತ್ರೆ, ಸಂತೆಗಳಲ್ಲಿ ದೇವರ ಚಿತ್ರದ ಜೊತೆ ಈಸ್ಟ್ ಇಂಡಿಯಾ ಕಂಪನಿ, 1818, ಒಂದಾಣೆ ಎಂದು ಬರೆದ ಬಿಲ್ಲೆಗಳು ಬರುತ್ತವೆ. ಅವು ಇತ್ತೀಚೆಗೆ ಮಾಡಿದವು. ನಾಣ್ಯ ಅಕ್ಕಿಕಾಳನ್ನು ತನ್ನತ್ತ ಎಳೆಯುತ್ತದೆ ಎಂದು ಲಕ್ಷಗಟ್ಟಲೆ ಕೇಳುವವರ ಹತ್ತಿರವೂ ಸುಳಿಯಬೇಡಿ, ಅದು ಪೂರಾ ಮೋಸ. "ಹೊಲದಾಗ ಸಿಕ್ಕೈತ್ರಿ, ಯಾರಿಗೂ ಹೇಳಬ್ಯಾಡ್ರಿ" ಅನ್ನುವವರಿಂದ ಕೊಳ್ಳಲೇಬೇಡಿ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಲೇಬೇಕು. ರಸೀದಿ ಕೊಡುವ ವ್ಯಾಪಾರಿಯೇ ಸರಿ.

ನಾಲ್ಕನೆಯದು: ತೊಳೆಯಬೇಡಿ

ಇದನ್ನು ನಾನು ನೊಂದು ಕಲಿತೆ. ನನ್ನ ಮೊದಲ ಹಳೆಯ ನಾಣ್ಯ ತಾಮ್ರದ್ದು, ಅದೇ ಸಾಲುಸ್, ಅದೇ ಹಾವು. ಮೇಲೆ ಕಡು ಹಸಿರು ಪೊರೆ ಕಟ್ಟಿತ್ತು. ಪಂಚಮಿಗೆ ಅವ್ವ ಹುಣಸೆಹಣ್ಣು ಹಚ್ಚಿ ತಂಬಿಗೆ ತಿಕ್ಕುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ನಾಣ್ಯ ತಿಕ್ಕಿದೆ. ತಂಬಿಗೆಯಂತೆಯೇ ಫಳಫಳ ಹೊಳೆಯಿತು. ಬಿಸಿಲಿಗೆ ಹಿಡಿದು ನೋಡಿದರೆ ಹಾವಿನ ತಲೆಯೇ ಇಲ್ಲ! ಅಷ್ಟು ವರ್ಷ ಆ ತಲೆಯ ಗೆರೆ ಉಳಿದಿದ್ದದ್ದು ಪೊರೆಯಲ್ಲೇ. ಹಾವು ಪೊರೆ ಬಿಟ್ಟರೆ ಹೊಸದಾಗುತ್ತದೆ, ನಾಣ್ಯ ಹಾಗಲ್ಲ.

ಗಟ್ಟಿಯಾದ ಹಸಿರು ಇರಲಿ. ಪುಡಿಪುಡಿಯಾಗಿ ಉದುರುವ ತಿಳಿ ಹಸಿರು ಕಂಡರೆ ಮಾತ್ರ ಅದು ರೋಗ, ಆ ನಾಣ್ಯವನ್ನು ಉಳಿದವುಗಳಿಂದ ಬೇರೆ ಇಡಿ. ಪಿವಿಸಿ ಹಾಳೆಯ ಆಲ್ಬಂ ಬೇಡ, ಅದು ಅಂಟಂಟಾಗಿ ಲೋಹವನ್ನು ತಿನ್ನುತ್ತದೆ. ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇರಲಿ. ನಾಣ್ಯವನ್ನು ಯಾವಾಗಲೂ ಅಂಚಿನಲ್ಲಿ ಹಿಡಿಯಿರಿ.

ಕೊನೆಗೆ ಚೀಟಿ

ಪ್ರತಿ ನಾಣ್ಯದ ಜೊತೆ ಒಂದು ಚೀಟಿ ಇಡಿ: ಯಾವ ದೇಶ, ಯಾವ ಕಾಲ, ಲೋಹ, ತೂಕ, ಯಾರಿಂದ ಯಾವಾಗ ಕೊಂಡದ್ದು. ಕೆಳಗೆ ಒಂದು ಸಾಲು, ಹಾವು ಏನು ಮಾಡುತ್ತಿದೆ.

ನನ್ನ ಆಲ್ಬಂನಲ್ಲಿ ಅನುಮಾನಕ್ಕೆ ಅಂತಲೇ ಒಂದು ಪುಟ ಇದೆ. ಶಾತವಾಹನರ ಬೆಳ್ಳಿ ನಾಣ್ಯದಲ್ಲಿ ಗುಡ್ಡದ ಕೆಳಗೆ ಒಂದು ಅಲೆಯಂಥ ಗೆರೆ ಬರುತ್ತದೆ. ನದಿ ಅನ್ನುವವರಿದ್ದಾರೆ, ಹಾವು ಅನ್ನುವವರೂ ಇದ್ದಾರೆ. ಜೂಲಿಯಸ್ ಸೀಸರ್‌ನ ಆನೆ ದಿನಾರಿಯಸ್‌ನದ್ದೂ ಇದೇ ಜಗಳ. ಆನೆ ತುಳಿಯುತ್ತಿರುವುದು ಹಾವೋ, ಶತ್ರುಗಳ ಕಹಳೆಯೋ? ಅಸಲು ನನ್ನ ಕೈಗೆ ಎಟುಕುವುದಲ್ಲ, ಚಿತ್ರ ಕತ್ತರಿಸಿ ಅಂಟಿಸಿದ್ದೇನೆ. ಗುಡ್ಡದ ಕೆಳಗಿನದು ನನಗೆ ನದಿಯಂತೆಯೇ ಕಾಣುತ್ತದೆ. ಆದರೂ ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆದಿದ್ದೇನೆ.